ಯುವಕ ಸಂಘಕ್ಕೆ 1.80 ಲಕ್ಷ ಬೇಕು, ಯಾರ ಬಾಗಿಲು ತಟ್ಟೋದು? (ಜಗಳೂರು ತಾಲೂಕು)

ಜಗಳೂರು ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲೂಕಿನ ಒಂದು ಸಣ್ಣ ಊರು. 2021ರಲ್ಲಿ ಹನ್ನೊಂದು ಜನ ಸೇರಿ ಯುವಕ ಸಂಘ ಕಟ್ಟಿ ನೋಂದಣಿ ಮಾಡಿಸಿದೆವು. ಕೊರೊನಾ ಟೈಮಲ್ಲಿ ಶಾಲೆ ಮುಚ್ಚಿತ್ತು. ಮಕ್ಕಳು ಬಣವೆ ಹಿಂದೆ ಕೂತು ಮೊಬೈಲಲ್ಲಿ ಗೇಮ್ ಆಡುತ್ತಿದ್ದರು. ಅದನ್ನು ನೋಡಲಾರದೆ ಸಮುದಾಯ ಭವನದಲ್ಲಿ ಸಂಜೆ ಪಾಠ ಶುರು ಮಾಡಿದೆವು. ಈಗ ಎಂಟರಿಂದ ಹತ್ತನೇ ಕ್ಲಾಸಿನ 34 ಮಕ್ಕಳು ಬರುತ್ತಾರೆ. ಆರೂವರೆಯಿಂದ ಎಂಟೂವರೆವರೆಗೆ. ಗಣಿತ, ವಿಜ್ಞಾನವನ್ನು ಬಿಎಸ್ಸಿ ಮುಗಿಸಿದ ಒಬ್ಬ ಹುಡುಗಿ ಹೇಳಿಕೊಡುತ್ತಾಳೆ, ಇಂಗ್ಲಿಷ್ ನಾನು. ಇಬ್ಬರೂ ದುಡ್ಡು ತಗೊಳ್ಳೋದಿಲ್ಲ. ಹೆಣ್ಣುಮಕ್ಕಳ ಖೋಖೋ ಟೀಮ್ ಕೂಡ ಇದೆ. ಹೋದ ವರ್ಷ ತಾಲೂಕು ಮಟ್ಟದಲ್ಲಿ ಸೆಮಿಫೈನಲ್‌ವರೆಗೆ ಬಂತು. ಇಬ್ಬರು ಬರಿಗಾಲಲ್ಲಿ ಆಡಿದರು.

ಸಮಸ್ಯೆ ದುಡ್ಡಿನದು. ಸದಸ್ಯರು ತಿಂಗಳಿಗೆ 200 ರೂಪಾಯಿ ಹಾಕುತ್ತೇವೆ. ಕರೆಂಟು, ಸೀಮೆಸುಣ್ಣ, ಪೊರಕೆ, ಜೆರಾಕ್ಸ್ ಅಂತ ಅಷ್ಟೂ ಹೋಗುತ್ತದೆ. ಕರೆಂಟು ಹೋದರೆ ಮಕ್ಕಳು ಮನೆಗೆ.

ನಾವು ಹಾಕಿರುವ ಅಂದಾಜು: ಬೆಂಚು 12ಕ್ಕೆ 42,000. ಯುಪಿಎಸ್, ಬ್ಯಾಟರಿ, ಲೈಟಿಗೆ 28,000. ಪುಸ್ತಕಕ್ಕೆ 20,000. ಖೋಖೋ ಜೆರ್ಸಿ ಮತ್ತು ಶೂಗೆ 30,000. ಉದ್ಘಾಟನೆ ಕಾರ್ಯಕ್ರಮಕ್ಕೆ 35,000. ಇತರೆ 25,000. ಒಟ್ಟು 1,80,000.

ಇದುವರೆಗೆ ಐದು ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. "ಅನುದಾನ ಬಂದಾಗ ಹೇಳ್ತೀವಿ" ಅನ್ನುತ್ತಾರೆ. ಅನುದಾನ ಬಂದು ಹೋಗಿದ್ದು ಪೇಪರ್ ನೋಡಿದಾಗಲೇ ನಮಗೆ ಗೊತ್ತಾಗೋದು. ಇನ್ನೊಂದು ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿಂದ ಒಬ್ಬರು ಫೋನ್ ಮಾಡಿ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಫಂಡಿನಲ್ಲಿ 10 ಲಕ್ಷ ಕೊಡಿಸುತ್ತೇನೆ, ಫೈಲ್ ಚಾರ್ಜ್ 8,000 ಕಳಿಸಿ ಅಂದರು. ಕಳಿಸಿದೆವು. ಆಮೇಲೆ ಫೋನ್ ಸ್ವಿಚ್ ಆಫ್.

ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲ. ಅಧ್ಯಕ್ಷರ ಖಾತೆಯಲ್ಲೇ ನಡೆಯುತ್ತಿದೆ. ನಮ್ಮಂಥವರಿಗೆ ನಿಜಕ್ಕೂ ದುಡ್ಡು ಕೊಡುವವರು ಯಾರಾದರೂ ಇದ್ದಾರಾ? ಗೊತ್ತಿದ್ದವರು ದಾರಿ ತೋರಿಸಿ.

ಮಂಡಕ್ಕಿ ಮಿರ್ಚಿ ಉತ್ತರ:

ಬ್ರದರ್, ಶಾಸಕರನ್ನು ಹಿಡಿಯಿರಿ. ವರ್ಷಕ್ಕೆ ಒಬ್ಬ ಶಾಸಕರಿಗೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ, ಸಂಸದರಿಗೆ 5 ಕೋಟಿ. ಅದರಲ್ಲಿ ನಿಮ್ಮ 1.80 ಲಕ್ಷ ಯಾವ ಲೆಕ್ಕ? ಹೊನ್ನಾಳಿ ಕಡೆ ನಮ್ಮ ಸಂಬಂಧಿಕರ ಊರಲ್ಲಿ ಹೀಗೇ ಒಂದು ಭವನ ಆಯಿತು. ಆದರೆ ಒಂದು ಮಾತು: ದೇವರು ಕೊಟ್ಟರೂ ಪೂಜಾರಿ ಕೊಡ. ಹಿಂದೆ ಬಿದ್ದು ಓಡಾಡಬೇಕು.

ಲೆಕ್ಕದಕ್ಕ ಉತ್ತರ:

ಮಂಡಕ್ಕಿಯವರು ಹೇಳಿದ ಮೊತ್ತ ಸರಿ. ಆದರೆ ಆ ನಿಧಿಯಿಂದ ಸಂಘದ ಕೈಗೆ ದುಡ್ಡು ಬರೋದಿಲ್ಲ. ಕಟ್ಟಡ, ರಸ್ತೆ, ನೀರಿನ ಘಟಕದಂಥ ಉಳಿಯುವ ಆಸ್ತಿಗೆ ಅದು. ಕೆಲಸ ಮಾಡಿಸೋದೂ ಸರ್ಕಾರದ ಏಜೆನ್ಸಿಯೇ. ಭವನ ಬರುತ್ತದೆ, ಸೀಮೆಸುಣ್ಣ ಬರೋದಿಲ್ಲ. ಭವನ ಬಂದಮೇಲೆ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಊರಲ್ಲಿ ಎರಡು ಪಾರ್ಟಿ ಆಗಿದ್ದನ್ನೂ ನಾನು ಕಂಡಿದ್ದೇನೆ. ತಮ್ಮಾ, ನಿನಗೆ ಭವನ ಇದೆ. ಬೇಕಿರೋದು ಬೇರೆ.

ನನಗೆ ಈಗ 61. ದಾವಣಗೆರೆ ಮಂಡಿಪೇಟೆಯಲ್ಲಿ ಒಬ್ಬ ಆಡಿಟರ ಹತ್ತಿರ 27 ವರ್ಷ ಲೆಕ್ಕ ಬರೆದೆ. ಮಾರ್ಚ್ ಬಂದರೆ ಸಂಘದವರು ಪ್ಲಾಸ್ಟಿಕ್ ಕವರ್ ತುಂಬ ಚೀಟಿ ತಂದು ಟೇಬಲ್ ಮೇಲೆ ಸುರಿಯುತ್ತಿದ್ದರು. ಬಸ್ ಟಿಕೆಟ್, ಚಹಾದಂಗಡಿ ಚೀಟಿ, ಹೂವಿನ ಬಿಲ್ಲು, ಒಮ್ಮೆ ಒಂದು ಮದುವೆ ಕರೆಯೋಲೆ. ಅದನ್ನೆಲ್ಲ ಬಿಡಿಸಿ ಬಿಡಿಸಿ ನನ್ನ ಕೂದಲು ಬೆಳ್ಳಗಾಗಿದ್ದು. ಹಾಗಾಗಿ ಸ್ವಲ್ಪ ಖಾರವಾಗಿ ಹೇಳಿದರೆ ಬೇಜಾರು ಮಾಡ್ಕೋಬೇಡ.

ಮೊದಲು ನಿನ್ನ ಅಂದಾಜು ಪಟ್ಟಿ. ಉದ್ಘಾಟನೆ 35,000, ಇತರೆ 25,000. ಸೇರಿದರೆ 60,000. ಅಂದರೆ ಕೇಳಿದ ದುಡ್ಡಿನ ಮೂರರಲ್ಲಿ ಒಂದು ಪಾಲು ಶಾಮಿಯಾನ, ಶಾಲು, ಹಾರ ಮತ್ತು "ಇತರೆ"ಗೆ. ಬರಿಗಾಲಲ್ಲಿ ಆಡಿದ ಹುಡುಗಿಯರ ಶೂಗೆ 30,000, ವೇದಿಕೆ ಮೇಲೆ ಕೂರುವವರ ಶಾಲಿಗೆ 35,000! ದುಡ್ಡು ಕೊಡುವವನು ಕೆಳಗಿನ ಸಾಲಿಂದ ಮೇಲಕ್ಕೆ ಓದುತ್ತಾನೆ. "ಇತರೆ" ಅಂತ ಕಂಡ ತಕ್ಷಣ ಪೆನ್ನು ಕೆಳಗಿಡುತ್ತಾನೆ. ಆ ಎರಡೂ ಸಾಲು ಹೊಡೆದುಹಾಕು. ಈಗ ಉಳಿದಿದ್ದು 1,20,000.

ಇನ್ನು ನೀನು ಬರೆಯದೇ ಬಿಟ್ಟಿರೋದು. ಹನ್ನೊಂದು ಜನ, ತಿಂಗಳಿಗೆ 200. ತಿಂಗಳಿಗೆ 2,200, ವರ್ಷಕ್ಕೆ 26,400. ಮೂರು ವರ್ಷ ತಪ್ಪದೆ ಹಾಕಿದ್ದರೆ 79,200 ರೂಪಾಯಿ ಊರಿನ ಹುಡುಗರು ಜೇಬಿಂದ ಕೊಟ್ಟಿದ್ದಾರೆ. ಇದಕ್ಕೆ ಒಂದಾದರೂ ರಸೀದಿ ಹರಿದಿದ್ದೀಯಾ? ಇಲ್ಲ ಅಂತ ನನಗೆ ಗೊತ್ತು. ಯಾರೂ ಹರಿಯೋದಿಲ್ಲ. ನಮ್ಮ ದುಡ್ಡು ನಾವೇ ಹಾಕಿದರೆ ಅದೆಂಥ ರಸೀದಿ ಅನ್ನುತ್ತಾರೆ. ಅಲ್ಲೇ ತಪ್ಪೋದು. ನಿನ್ನ ಸಂಘಕ್ಕೆ ಮೊದಲ ದಾನಿಗಳು ಆ ಹನ್ನೊಂದು ಜನ. ಊರವರೇ 79,000 ಹಾಕಿ ನಡೆಸಿದ ಕೆಲಸಕ್ಕೆ 1.20 ಲಕ್ಷ ಕೇಳೋದಕ್ಕೂ, ಏನೂ ಇಲ್ಲ ಕೊಡಿ ಅಂತ ಕೈಯೊಡ್ಡೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಪುಕ್ಕಟೆ ಪಾಠ ಹೇಳುವ ಇಬ್ಬರ ಲೆಕ್ಕವೂ ಹಾಗೆ. ತಿಂಗಳಿಗೆ ಒಬ್ಬರಿಗೆ ಬರೀ 3,000 ಹಿಡಿದರೂ ಹತ್ತು ತಿಂಗಳಿಗೆ 60,000 ಬೆಲೆಯ ಕೆಲಸ. ಅದನ್ನು ನಗದು ಪುಸ್ತಕಕ್ಕೆ ಹತ್ತಿಸಬೇಡ, ದುಡ್ಡು ಓಡಾಡಿಲ್ಲ. ಪ್ರಸ್ತಾವನೆಯಲ್ಲಿ ಬರಿ.

ಈಗ ಕಾಗದಪತ್ರ. ಸುಮ್ನೆ ಉದ್ದ ಮಾಡೋದಿಲ್ಲ, ಆದರೆ ಇದಿಲ್ಲದೆ ಯಾರೂ ಒಳಗೆ ಬಿಡೋದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರ ಪ್ರಕಾರ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಆಡಿಟ್ ಆದ ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. 2021ರಿಂದ ಎಷ್ಟು ವರ್ಷ ಸಲ್ಲಿಸಿದ್ದೀಯ? ಬಿಟ್ಟಿದ್ದರೆ ದಂಡ ಕಟ್ಟಿ ಸರಿ ಮಾಡಿಸು. ನಿನ್ನ ಐದು ಅರ್ಜಿ ಎಲ್ಲಿ ಕೂತಿವೆ ಅಂತ ಆಗ ಗೊತ್ತಾಗುತ್ತದೆ. ಬಹಳ ಕಡೆ ಮೂರು ವರ್ಷದ ಆಡಿಟ್ ವರದಿ ಇಲ್ಲ ಅಂದರೆ ಅರ್ಜಿಯನ್ನು ಓದೋದೇ ಇಲ್ಲ. ಓದೋದಿಲ್ಲ ಅಂತ ಹೇಳೋದೂ ಇಲ್ಲ.

ಅಧ್ಯಕ್ಷರ ಖಾತೆ ವಿಷಯ. ನಾಳೆ ಬೆಳಗ್ಗೆಯೇ ನಿಲ್ಲಿಸಿ. ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡ್, ನಡಾವಳಿ ಪುಸ್ತಕದಲ್ಲಿ ಠರಾವು, ಇಬ್ಬರ ಸಹಿ ಇರುವ ಖಾತೆ. ಅಧ್ಯಕ್ಷರು ಒಳ್ಳೆಯವರೇ ಇರಬಹುದು. ಆದರೆ ನಾಳೆ ಅವರ ಬೆಳೆ ಸಾಲಕ್ಕೆ ಬ್ಯಾಂಕು ಆ ಖಾತೆಗೆ ಕೈ ಹಾಕಿದರೆ ಮಕ್ಕಳ ಬೆಂಚು ಹೋಯಿತು.

ಹಳೇ ವರ್ಷದ ಬಿಲ್ಲು ಈಗ ಹುಟ್ಟಿಸಬೇಡ. ಡೈರಿಯಲ್ಲಿ ಬರೆದಿದ್ದು, ಕರೆಂಟ್ ಬಿಲ್ಲು, ಫೋನ್ ಪೇ ದಾಖಲೆ ಏನಿದೆಯೋ ಅಷ್ಟನ್ನೇ ಆಡಿಟರ ಮುಂದಿಡು. ಒಂದೇ ಪೆನ್ನಿನ, ಒಂದೇ ಕೈಬರಹದ, ಮೂರು ವರ್ಷದ ಮೂವತ್ತಾರು ವೋಚರ್‌ಗಳನ್ನು ನಾನು ಎಷ್ಟು ನೋಡಿಲ್ಲ!

ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ 12ಎ, 80ಜಿ ಅಂತ ಕರೆಯುವ ಎರಡು ನೋಂದಣಿ. ಮೊದಲನೆಯದು ಸಂಘದ ಆದಾಯಕ್ಕೆ, ಎರಡನೆಯದು ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲು. ಇಲಾಖೆಯ ಪೋರ್ಟಲ್‌ನಲ್ಲೇ ಅರ್ಜಿ, ಸರ್ಕಾರಕ್ಕೆ ಶುಲ್ಕ ಇಲ್ಲ. ಕೆಲಸ ಇನ್ನೂ ಶುರು ಮಾಡದ ಹೊಸಬರಿಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಕೊಡುತ್ತಾರೆ, ನಿನ್ನ ಹಾಗೆ ಕೆಲಸ ನಡೆಸುತ್ತಿರುವವರು ನೇರವಾಗಿ ಪೂರ್ಣ ನೋಂದಣಿಗೇ ಅರ್ಜಿ ಹಾಕಬೇಕು. ಸಂಘ ಸಂಸ್ಥೆಗಳು ಹೆಸರು ಬರೆಸುವ ನೀತಿ ಆಯೋಗದ ಪೋರ್ಟಲ್ ಇದೆ, ಎನ್‌ಜಿಒ ದರ್ಪಣ್ ಅಂತ, ಅದರ ನಂಬರ್ ಕೂಡ ಪುಕ್ಕಟೆ. ನಿನ್ನ 8,000 ತಿಂದವನು ಯಾವ ಫೈಲಿಗೆ ಚಾರ್ಜ್ ಹಾಕಿದನೋ ದೇವರೇ ಬಲ್ಲ.

80ಜಿ ಬಂತು ಅಂತ ಊರೆಲ್ಲ ಸಾರಬೇಡ. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟವರಿಗೆ ಆ ವಿನಾಯಿತಿ ಸಿಗೋದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವ ನೌಕರರಿಗಂತೂ ಅದರಿಂದ ಲಾಭವೇ ಇಲ್ಲ. ಆದರೂ ಮಾಡಿಸು, ಕಂಪನಿಗಳು ಕೇಳುತ್ತವೆ.

ಕೊನೆಗೆ ಒಂದು ಕಥೆ. ಹರಿಹರ ತಾಲೂಕಿನ ಒಂದು ಸಂಘ ಮಕ್ಕಳ ನಾಟಕ ಶಿಬಿರ ಮಾಡಿತು. ಯಾವ ಇಲಾಖೆ ಅಂತ ಹೇಳೋದಿಲ್ಲ, ಒಂದು ಲಕ್ಷ ಮಂಜೂರು ಅಂತ ಪತ್ರ ಬಂತು. ಪತ್ರ ಬಂದಮೇಲೆ ದುಡ್ಡು ಬಂದಹಾಗೇ ಅಂದುಕೊಂಡು, ಖಜಾಂಚಿ ಒಂದು ಲಕ್ಷ ಸಾಲ ಮಾಡಿದ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅವನಿಗೆ ತರಕಾರಿ ವ್ಯಾಪಾರ. ಶಿಬಿರ ಚೆನ್ನಾಗಿಯೇ ಆಯಿತು, ಪೇಪರಲ್ಲಿ ಫೋಟೋ ಬಂತು. ದುಡ್ಡು ಬಂದಿದ್ದು ಹದಿಮೂರು ತಿಂಗಳ ಮೇಲೆ, ಅದೂ 60,000. ಅಷ್ಟೊತ್ತಿಗೆ ಬಡ್ಡಿಯೇ 39,000 ಆಗಿತ್ತು. ಹೆಂಡತಿಯ ಓಲೆ ಗಿರವಿ ಅಂಗಡಿ ಸೇರಿತು. ಅವನು ನಮ್ಮ ಆಫೀಸಿಗೆ ಬಂದು ಬಿಲ್ಲುಗಳನ್ನು ಟೇಬಲ್ ಮೇಲಿಟ್ಟು, "ಅಕ್ಕಾ, ಓಲೆದು ಯಾವ ಹೆಡ್ಡಿಗೆ ಹಾಕ್ತೀರಿ?" ಅಂದ. ನಾನು ಎದ್ದು ನೀರು ಕುಡಿಯೋಕೆ ಹೋದೆ.

ಸರ್ಕಾರದ ಅನುದಾನ ಎಷ್ಟೋ ಸಲ ಖರ್ಚಾದಮೇಲೆ, ಬಿಲ್ಲು ಮತ್ತು ಹಣ ಬಳಕೆ ಪ್ರಮಾಣಪತ್ರ ನೋಡಿದಮೇಲೆ ಬರುತ್ತದೆ. ಕೈಯಲ್ಲಿ ಇದ್ದಷ್ಟೇ ಖರ್ಚು ಮಾಡು.

ಕೋಟೆ ಗಾಳಿ ಉತ್ತರ:

ಅಕ್ಕಾ, ನಿಮ್ಮ ಉತ್ತರ ಪ್ರಿಂಟ್ ತೆಗೆದು ನಮ್ಮ ಸಂಘದ ಗೋಡೆಗೆ ಅಂಟಿಸುತ್ತೇನೆ.

ನಾನು ಚಿತ್ರದುರ್ಗದವನು. ಜಗಳೂರಿನ ತಮ್ಮನಿಗೆ ಸಮಾಧಾನ ಆಗಲಿ ಅಂತ ಹೇಳುತ್ತೇನೆ, ಅಂಥದೇ ಏಜೆಂಟನಿಗೆ ನಾವು 15,000 ಕೊಟ್ಟಿದ್ದೇವೆ. ನಿನಗಿಂತ ದೊಡ್ಡ ದಡ್ಡರು. ಅವನು ಹೇಳಿದ್ದು, "ಎಲ್ಲಾ ಕಂಪನಿಯೂ ಎರಡು ಪರ್ಸೆಂಟ್ ಕೊಡಲೇಬೇಕು, ಕಾನೂನು ಇದೆ" ಅಂತ. ಅರ್ಧ ನಿಜ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದಾದರೂ ಮುಟ್ಟಿದ ಕಂಪನಿಗೆ ಮಾತ್ರ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು. ಯಾರ ಮೂಲಕ ಮಾಡಬೇಕು ಅನ್ನೋದು ಕಂಪನಿಗೆ ಬಿಟ್ಟಿದ್ದು. ಸಂಘಕ್ಕೆ ಕೊಡಬೇಕಾದರೆ ಅದಕ್ಕೆ 12ಎ, 80ಜಿ, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಮತ್ತು ಸಿಎಸ್‌ಆರ್-1 ಅನ್ನೋ ಫಾರಂ ತುಂಬಿ ಮಾಡಿಸುವ ನೋಂದಣಿ ಇರಬೇಕು. ಈ ನೋಂದಣಿ 2021ರ ಏಪ್ರಿಲ್‌ನಿಂದ ಕಡ್ಡಾಯ. ನಮ್ಮ ಹತ್ತಿರ ಇವು ಯಾವುದೂ ಇರಲಿಲ್ಲ. ಅವನಿಗೆ ಅದು ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ, ಅಷ್ಟೇ.

ನಮಗೆ ಕೆಲಸ ಆಗಿದ್ದು ಬೇರೆ ರೀತಿ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೋಡಿರುತ್ತೀರಿ. ನಮ್ಮೂರ ಹತ್ತಿರವೂ ಒಂದು ಕಂಪನಿಯ ಸೈಟ್ ಆಫೀಸ್ ಇದೆ. ಬೆಂಗಳೂರು, ಮುಂಬೈಗೆ ಬರೆದ ಪತ್ರಕ್ಕೆಲ್ಲ ಉತ್ತರವೇ ಇರಲಿಲ್ಲ. ಒಂದು ದಿನ ಸೈಟಿನ ಇಂಜಿನಿಯರ್ ನಮ್ಮೂರಲ್ಲಿ ಚಹಾ ಕುಡಿಯುತ್ತಿದ್ದಾಗ, ಸಂಜೆ ಕ್ಲಾಸ್ ನೋಡಿ ಬನ್ನಿ ಸರ್ ಅಂತ ಕರೆದೆವು. ಬಂದರು. ದೀಪ ಇರಲಿಲ್ಲ, ಮಕ್ಕಳು ಮೂರು ಮೊಬೈಲಿನ ಟಾರ್ಚಲ್ಲಿ ಓದುತ್ತಿದ್ದರು. ಬೇಕಂತಲೇ ಮಾಡಿದ್ದಲ್ಲ, ಆವತ್ತು ನಿಜವಾಗಿಯೂ ಕರೆಂಟು ಹೋಗಿತ್ತು. ಗುಡ್ಡದ ಮೇಲೆ ಕರೆಂಟ್ ಮಾಡೋರು ನೀವು, ಕೆಳಗೆ ಕತ್ತಲು ನಮಗೆ ಅಂತ ನಮ್ಮ ಒಬ್ಬ ಪುಟಾಣಿ ಅಂದುಬಿಟ್ಟ. ನಾವು ದುಡ್ಡು ಕೇಳಲಿಲ್ಲ. ಆರು ಸೋಲಾರ್ ಲೈಟು ಕೇಳಿದೆವು, ಕನ್ನಡದಲ್ಲೇ ಒಂದು ಪುಟ ಬರೆದು. ನಾಲ್ಕು ತಿಂಗಳಿಗೆ ಅವರೇ ತಂದು ಹಾಕಿದರು. ಕಂಪನಿ ಇರುವ ಜಾಗದ ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಬೇಕು ಅಂತ ಆ ಕಾನೂನಿನಲ್ಲೇ ಇದೆ. ವಸ್ತು ಕೇಳಿದರೆ ನಿಮ್ಮ ಖಾತೆ, ಆಡಿಟ್ ಅಂತ ಪ್ರಶ್ನೆಯೂ ಕಡಿಮೆ.

ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿದೆ ಅಂತ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಎಲ್ಲರೂ ನೋಡಬಹುದು. ಏಜೆಂಟ್ ಬೇಡ.

ಹೊಳಲ್ಕೆರೆ, ಹೊಸದುರ್ಗ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮಲ್ಲಿ ಅದಿರು ಗಣಿ ಇದೆ. ಗಣಿಯವರು ಕಟ್ಟುವ ದುಡ್ಡು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ, 2015ರ ತಿದ್ದುಪಡಿ ಆದಾಗಿಂದ. ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಕೌಶಲ ತರಬೇತಿ ಅದರ ಆದ್ಯತೆಯ ಪಟ್ಟಿಯಲ್ಲೇ ಇವೆ. ನಿಮ್ಮೂರು ಬಾಧಿತ ಗ್ರಾಮಗಳ ಪಟ್ಟಿಯಲ್ಲಿ ಇದೆಯಾ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರೆಸಿ. ಲಾರಿ ಧೂಳು ಕುಡಿದವರು ಕೇಳದೆ ಇನ್ಯಾರು ಕೇಳಬೇಕು?

ಜಗಳೂರು ಹುಡುಗ:

ಅಕ್ಕಾ, ಅಣ್ಣಾ, ತುಂಬಾ ಧನ್ಯವಾದ. ಉದ್ಘಾಟನೆ ಸಾಲು ಓದಿ ನಮ್ಮ ಅಧ್ಯಕ್ಷರ ಮುಖ ಸಣ್ಣಗಾಯಿತು. ಶಾಲು ಅವರ ಐಡಿಯಾ. ಸಂಘದ ಲೆಕ್ಕ 2022ರಲ್ಲಿ ಒಂದು ಸಲ ಸಲ್ಲಿಸಿದ್ದೇವೆ, ಆಮೇಲೆ ಇಲ್ಲ.

ಇನ್ನೊಂದು ಕೇಳಬೇಕಿತ್ತು. ನಮ್ಮೂರಿನ ಒಬ್ಬರು ಅಮೆರಿಕದಲ್ಲಿ ಇಂಜಿನಿಯರ್. ಒಂದು ಲಕ್ಷ ನಾನೇ ಕಳಿಸುತ್ತೇನೆ, ಖಾತೆ ನಂಬರ್ ಕೊಡು ಅನ್ನುತ್ತಿದ್ದಾರೆ. ತಗೊಂಡರೆ ಎಲ್ಲಾ ಮುಗಿಯಿತು ಅಲ್ವಾ?

ಲೆಕ್ಕದಕ್ಕ ಉತ್ತರ:

ಖಾತೆ ನಂಬರ್ ಕೊಡಬೇಡ! ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಕೇಳು.

ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸಂಪಾದನೆಯ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಎಲ್ಲಿ ಕೂತು ದುಡಿದರು ಅನ್ನೋದು ಮುಖ್ಯ ಅಲ್ಲ. ಪಾಸ್‌ಪೋರ್ಟ್ ಜೆರಾಕ್ಸ್ ಇಟ್ಟುಕೊಂಡು ರಸೀದಿ ಕೊಟ್ಟು ತಗೋಬಹುದು. ಅಮೆರಿಕದ ಪೌರತ್ವ ತಗೊಂಡಿದ್ದರೆ ಕಥೆ ಬೇರೆ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅವರು ನಿಮ್ಮೂರಲ್ಲೇ ಹುಟ್ಟಿರಲಿ, ನಿಮ್ಮ ಪಕ್ಕದ ಮನೆಯವರೇ ಇರಲಿ, 2010ರ ವಿದೇಶಿ ದೇಣಿಗೆ ಕಾಯ್ದೆ ಪ್ರಕಾರ ಅದು ವಿದೇಶಿ ಮೂಲ. ನೋಂದಣಿ ಇಲ್ಲವೇ ಮುಂಚಿತ ಅನುಮತಿ ಇಲ್ಲದೆ ಒಂದು ರೂಪಾಯಿ ತಗೊಂಡರೂ ತಪ್ಪು. ಆ ನೋಂದಣಿ ಬೇಕು ಅಂದರೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ದುಡ್ಡು ಮೊದಲು ಬಂದು ಇಳಿಯೋದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ. ಒಂದು ಲಕ್ಷಕ್ಕೆ ಇಷ್ಟೆಲ್ಲ ಬೇಡ ತಮ್ಮಾ.

ಹೊಸದುರ್ಗದ ಟೀಚರ್ ಉತ್ತರ:

ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. ದುಡ್ಡಿನ ವಿಷಯ ಎಲ್ಲರೂ ಹೇಳಿದ್ದೀರಿ. ನನಗೆ ಬೇರೆ ಪ್ರಶ್ನೆ ಇದೆ.

ಆ 34 ಮಕ್ಕಳಲ್ಲಿ ಹುಡುಗಿಯರು ಎಷ್ಟು? ರಾತ್ರಿ ಎಂಟೂವರೆಗೆ ಅವರನ್ನು ಮನೆಗೆ ಯಾರು ಬಿಡುತ್ತಾರೆ? ಭವನದಲ್ಲಿ ಶೌಚಾಲಯ ಇದೆಯಾ? ಮಕ್ಕಳ ಜೊತೆ ಕೆಲಸ ಮಾಡುವ ಯಾವ ಒಳ್ಳೆ ಸಂಸ್ಥೆಯೂ ದುಡ್ಡು ಕೊಡುವ ಮೊದಲು ಇದನ್ನು ಕೇಳುತ್ತದೆ. ಮಕ್ಕಳ ಸುರಕ್ಷತೆಗೆ ನಿಮ್ಮ ನಿಯಮ ಏನು ಅಂತ ಬರವಣಿಗೆಯಲ್ಲಿ ಕೇಳುತ್ತಾರೆ. ಕೇಳಲಿ ಬಿಡಲಿ, ನೀವು ಬರೆದಿಟ್ಟುಕೊಳ್ಳಿ. ದೂರು ಇದ್ದರೆ ಯಾರಿಗೆ ಹೇಳಬೇಕು, ಮಗುವಿನ ಜೊತೆ ಒಬ್ಬರೇ ಬಾಗಿಲು ಹಾಕಿಕೊಂಡು ಕೂರಬಾರದು, ಫೋಟೋ ಹಾಕುವ ಮೊದಲು ತಂದೆ ತಾಯಿಯನ್ನು ಕೇಳಬೇಕು, ಇಷ್ಟು ಸಾಕು ಮೊದಲಿಗೆ. ಮಕ್ಕಳ ಸಹಾಯವಾಣಿ 1098 ನಂಬರನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಪುಸ್ತಕಕ್ಕೆ 20,000 ಬೇಡ ಅನಿಸುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅರಿವು ಕೇಂದ್ರ ಇರಬೇಕು. ಹಳೇ ಪಂಚಾಯಿತಿ ಗ್ರಂಥಾಲಯಕ್ಕೇ ಈಗ ಆ ಹೆಸರು. ಅಲ್ಲಿಯ ಪುಸ್ತಕ ನಿಮ್ಮ ಮಕ್ಕಳ ಕೈಗೆ ಬರೋ ಹಾಗೆ ಮೇಲ್ವಿಚಾರಕರ ಜೊತೆ ಮಾತಾಡಿ. ಖೋಖೋ ಹುಡುಗಿಯರು ಸರ್ಕಾರಿ ಶಾಲೆಯವರೇ ಆದರೆ, ಶೂಗಳನ್ನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ಹಳೇ ವಿದ್ಯಾರ್ಥಿಗಳಿಂದ ಕೇಳೋದು ಸುಲಭ. ನಮ್ಮ ಶಾಲೆಯಲ್ಲಿ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ್ದೆ, ಸವೆದ ಚಪ್ಪಲಿಗಳದ್ದು, ಮಕ್ಕಳ ಮುಖ ಇಲ್ಲದೆ. ಎರಡು ದಿನದಲ್ಲಿ ಹದಿನಾಲ್ಕು ಜೊತೆ ಶೂ ಬಂತು. ಸೈಜ್ ಮಾತ್ರ ಮೊದಲೇ ಬರೆಯಿರಿ. ನಾನು ಬರೆದಿರಲಿಲ್ಲ, ಒಂಬತ್ತು ಜೊತೆ ದೊಡ್ಡದಾಗಿ ಬಂದು ಈಗಲೂ ಬೀರುವಿನಲ್ಲಿ ಇವೆ.

ನಾಟಕ, ಹಾಡು, ಜಾನಪದದ ಕಡೆ ಒಲವಿರುವ ಸರ್ಕಾರಿ ಶಾಲೆ ಶಿಕ್ಷಕರು ನಿಮ್ಮೂರಲ್ಲಿ ಇದ್ದರೆ ಅವರಿಗೆ ಒಂದು ಮಾತು ಹೇಳಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ "ಕಲಿ-ಕಲಿಸು" ಅನ್ನೋ ಕಾರ್ಯಕ್ರಮದಲ್ಲಿ ಕರ್ನಾಟಕದ ಸರ್ಕಾರಿ ಶಾಲೆ ಶಿಕ್ಷಕರಿಗೆ ಅನುದಾನ ಕೊಟ್ಟಿದ್ದಾರೆ. ಪ್ರಸ್ತಾವನೆ ಕನ್ನಡದಲ್ಲೇ ಬರೆಯಬಹುದು. ಊರಿನ ಕಲೆಯನ್ನು ಪಾಠದೊಳಗೆ ತರುವ ಕೆಲಸ ಅದು. ಸಂಘಕ್ಕಲ್ಲ, ಬೆಂಚಿಗಂತೂ ಅಲ್ಲ. ಇಂಥವು ಇವೆ ಅಂತಲೇ ನಮ್ಮ ಕಡೆಯ ಶಿಕ್ಷಕರಿಗೆ ಗೊತ್ತಿರೋದಿಲ್ಲ, ಅದಕ್ಕೆ ಹೇಳಿದೆ.

ಮಂಡಕ್ಕಿ ಮಿರ್ಚಿ:

ಟೀಚರ್, ಹರಪನಹಳ್ಳಿಯವರಿಗೆ ಕಲ್ಯಾಣ ಕರ್ನಾಟಕದ ಅನುದಾನ ಇದೆ. ಮೊನ್ನೆ ಮೊನ್ನೆವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇದ್ದವರು ಅವರು. ಪಕ್ಕದ ಜಗಳೂರಿಗೆ ಏನೂ ಇಲ್ಲವಾ?

ಕೋಟೆ ಗಾಳಿ:

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿ ನಮಗೆ ಇಲ್ಲ. ನಮಗಿರೋದು ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ, ಆಫೀಸ್ ಚಿತ್ರದುರ್ಗದಲ್ಲೇ. ಅದೂ ಕಾಮಗಾರಿ ಲೆಕ್ಕವೇ, ಸಂಘದ ಕೈಗೆ ದುಡ್ಡಲ್ಲ. ಭವನಕ್ಕೆ ಶೌಚಾಲಯ ಇಲ್ಲ ಅಂದರೆ ಅದನ್ನು ಪಂಚಾಯಿತಿ ಕಡೆಯಿಂದ ಅಲ್ಲಿ ಕೇಳಿಸಬಹುದು.

ಜಗಳೂರು ಹುಡುಗ (ಏಳು ವಾರದ ಮೇಲೆ):

ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಅಮೆರಿಕದವರು ಹೋದ ವರ್ಷವೇ ಅಲ್ಲಿನ ಪೌರತ್ವ ತಗೊಂಡಿದ್ದಾರೆ. ಬೇಡ ಸರ್ ಅಂದೆ. ಅವರಿಗೆ ಸಿಟ್ಟು ಬಂತು, ಹುಟ್ಟಿದ ಊರಿಗೆ ಕೊಡೋಕೂ ಪರ್ಮಿಷನ್ನಾ ಅಂದರು. ಅಪ್ಪನ ಖಾತೆಗೆ ಹಾಕಿ ಅಲ್ಲಿಂದ ಕೊಡಿಸುತ್ತೇನೆ ಅಂದರು. ಅಕ್ಕನಿಗೆ ಮೆಸೇಜ್ ಮಾಡಿ ಕೇಳಿದೆ, ಅದು ಹಿಂಬಾಗಿಲು, ಬೇಡ ಅಂದರು. ವಿಷಯ ಕೇಳಿ ಅವರ ಅಪ್ಪ, 70 ದಾಟಿದ ಅಜ್ಜ, ಮೆಕ್ಕೆಜೋಳ ಮಾರಿದ ತಮ್ಮ ಸ್ವಂತ ದುಡ್ಡಲ್ಲಿ 5,000 ತಂದರು. ಮಗನ ಡಾಲರ್ ಬೇಡ ಅಂದ ಹುಡುಗರು ನೀವೇನಾ ಅಂತ ಕೇಳಿ ಕೊಟ್ಟರು. ಚೆಕ್ಕಲ್ಲಿ.

ಸಂಘದ ಪ್ಯಾನ್ ಬಂತು. ಖಾತೆ ತೆರೆದಿದ್ದೇವೆ, ಖಜಾಂಚಿ ಮತ್ತು ಕಾರ್ಯದರ್ಶಿ ಇಬ್ಬರ ಸಹಿ. ಬಾಕಿ ವರ್ಷಗಳ ಆಡಿಟ್ ನಡೆಯುತ್ತಿದೆ. ಡೈರಿ ಹುಡುಕಿದಾಗ ಒಂದು ವರ್ಷ ನಾಲ್ಕು ಜನ ಐದೈದು ತಿಂಗಳು ದುಡ್ಡು ಹಾಕಿಲ್ಲ ಅಂತ ಗೊತ್ತಾಯಿತು. ಒಬ್ಬ ನಾನೇ. ಹಾಗಾಗಿ 79,200 ಅಲ್ಲ, 75,200. ಆಡಿಟರು ಹಾಗೇ ಬರೆಯಲು ಹೇಳಿದರು.

ಹುಡುಗಿಯರು 19. ಇದುವರೆಗೆ ತಾಯಂದಿರು ಸರದಿ ಪ್ರಕಾರ ಟಾರ್ಚ್ ಹಿಡಿದು ಬಂದು ಕರೆದುಕೊಂಡು ಹೋಗುತ್ತಿದ್ದರು, ನಮಗೆ ಅದು ಬರೆಯುವಂಥ ವಿಷಯ ಅನಿಸಿಯೇ ಇರಲಿಲ್ಲ. ಈಗ ಸರದಿ ಪಟ್ಟಿ ಗೋಡೆ ಮೇಲಿದೆ. ಶೌಚಾಲಯಕ್ಕೆ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ, ಗ್ರಾಮಸಭೆಯಲ್ಲಿ ತಾಯಂದಿರೇ ಎದ್ದು ಕೇಳಿದರು. ಪಿಡಿಒ ಬರೆದುಕೊಂಡರು.

ಗಣಪತಿ ಕಮಿಟಿಯಲ್ಲಿ ಉಳಿದಿದ್ದ 14,350 ರೂಪಾಯಿಯನ್ನು ಬ್ಯಾಟರಿಗೆ ಕೊಡಲು ಒಪ್ಪಿದ್ದಾರೆ. ಡಿಜೆ ಬೇಡ ಅಂದಿದ್ದಕ್ಕೆ ಉಳಿದ ದುಡ್ಡು ಅದು, ಅದರ ಜಗಳ ಇನ್ನೂ ಪೂರ್ತಿ ಆರಿಲ್ಲ. ಶೂಗಳನ್ನು ಸೈಜ್ ಬರೆದೇ ಕೇಳಿದ್ದೇವೆ, ಎಂಟು ಜೊತೆ ಬಂದಿವೆ. ಅಂದಾಜು ಪಟ್ಟಿ ಈಗ 71,000ಕ್ಕೆ ಇಳಿದಿದೆ, ಬರೀ ಬೆಂಚು, ಲೈಟು, ಜೆರ್ಸಿ. ಅಧ್ಯಕ್ಷರು ಉದ್ಘಾಟನೆಗೆ ಸ್ವಂತ ಖರ್ಚಲ್ಲಿ ಮಂಡಕ್ಕಿ ಹಂಚುತ್ತೇನೆ ಅಂದಿದ್ದಾರೆ, ಶಾಲು ಇಲ್ಲ.

ಅಕ್ಕಾ, ಕೊನೇ ಪ್ರಶ್ನೆ. ರಸೀದಿ ಪುಸ್ತಕ ಪ್ರಿಂಟ್‌ಗೆ ಕೊಡಬೇಕು. ಒಂದನೇ ನಂಬರಿಂದಲೇ ಶುರು ಮಾಡಬೇಕಾ? 501ರಿಂದ ಹಾಕಿಸಿದರೆ ದೊಡ್ಡ ಸಂಘ ಅಂತ ಕಾಣುತ್ತದೆ ಅಂತ ಪ್ರೆಸ್ಸಿನವರು ಹೇಳಿದರು.

ಲೆಕ್ಕದಕ್ಕ:

ಒಂದರಿಂದಲೇ. ಆಮೇಲೆ ಕಾರ್ಬನ್ ಹಾಳೆ ಹಾಕೋದು ಮರೀಬೇಡ.